ಹೊಡೆಯುವ ಮುಂಚೆ ಕಳಿಸಿ

ನಮ್ಮ ಸಂಸ್ಥೆಯ ಆನ್‌ಲೈನ್ ಪುಟದಿಂದ ಅಕ್ಕನ ಹೆಸರು ತೆಗೆದು ಇನ್ನೂ ತಿಂಗಳಾಗಿಲ್ಲ. ‘ನಮ್ಮ ತಂಡ’ ಎಂಬಲ್ಲಿ ಮೊದಲು ಅವರದೇ ಚಿತ್ರ ಬರುತ್ತಿತ್ತು. ಚಿತ್ರವೆಂದರೆ ಅವರ ಮುಖವಲ್ಲ, ಒಂದು ಮರಗಪ್ಪೆ. ‘ನನ್ನ ಮುಖ ನೋಡಿ ಯಾರು ಕಪ್ಪೆ ಉಳಿಸ್ತಾರೆ’ ಎಂದು ತಮ್ಮ ಫೋಟೊ ಕೊಡಲು ಅವರು ಕಡೆಯವರೆಗೂ ಒಪ್ಪಿರಲಿಲ್ಲ. ಈಗ ಆ ಜಾಗದಲ್ಲಿ ನಾನಿದ್ದೇನೆ, ಗಂಡಿನ ಕಡೆಯವರಿಗೆ ಕಳಿಸಲೆಂದು ಸ್ಟುಡಿಯೋದಲ್ಲಿ ತೆಗೆಸಿದ್ದ ಫೋಟೊದಲ್ಲಿ ಹಲ್ಲು ಕಿರಿದುಕೊಂಡು. ಪುಟ ತೆರೆದಾಗಲೆಲ್ಲ ಕೇಳದೆ ಯಾರದೋ ಅಡುಗೆಮನೆಗೆ ನುಗ್ಗಿದ ಹಾಗೆ ಅನ್ನಿಸಿ ಬೇಗ ಮುಚ್ಚಿಬಿಡುತ್ತೇನೆ. ಆದದ್ದನ್ನು ನಂಬಲು ನನಗೆ ಇನ್ನೂ ಆಗುತ್ತಿಲ್ಲ.

ಹಾವು, ಉಡ, ಆಮೆ, ಕಪ್ಪೆ ಇಂಥವನ್ನು ಉಳಿಸಬೇಕೆಂದು ಹೊರಟ ಒಂದು ಸಣ್ಣ ಸಂಸ್ಥೆ ನಮ್ಮದು. ಅದರಲ್ಲಿ ನನ್ನದು ಮನೆಯಲ್ಲೇ ಕೂತು ಮಾಡುವ ಇಂಟರ್ನ್‌ಶಿಪ್. ಹಾವು ಹಿಡಿಯುವ ಕೆಲಸವಲ್ಲ, ಹಾವಿನ ವಿಚಾರ ಜನಕ್ಕೆ ಮುಟ್ಟಿಸುವ ಕೆಲಸ. ಮೊಬೈಲಿನಲ್ಲಿ ಓಡಾಡುವಂಥ ಚಿತ್ರ ಮಾಡಬೇಕು, ಅದಕ್ಕೆ ನಾಲ್ಕು ಸಾಲು ಬರೆಯಬೇಕು, ಸಹಾಯವಾಣಿಗೆ ಬರುವ ಫೋಟೊಗಳಿಗೆ ಉತ್ತರ ಕೊಡಬೇಕು. ಹೊಳೆನರಸೀಪುರದಲ್ಲಿ ಅಪ್ಪನ ದಿನಸಿ ಅಂಗಡಿಯ ಹಿಂದೆಯೇ ನಮ್ಮ ಮನೆ. ಒಳಗೆ ಸಿಗ್ನಲ್ ಇಲ್ಲದ್ದರಿಂದ ನನ್ನ ಕಚೇರಿ ಮಹಡಿಯ ಮೆಟ್ಟಿಲ ಮೇಲೆ, ಒಣಗಲು ಹಾಕಿದ ಮೆಣಸಿನಕಾಯಿಯ ಪಕ್ಕದಲ್ಲಿ. ಅಮ್ಮ ಮೊದಲ ದಿನವೇ ಎಚ್ಚರಿಕೆ ಕೊಟ್ಟಿದ್ದಳು: ‘ಯಾರಾರ ಕೇಳುದ್ರೆ ಲ್ಯಾಪ್‌ಟಾಪ್ ಕೆಲ್ಸ ಅನ್ನು. ಆವು ಗೀವು ಅಂದ್ಗಿಂದೀಯ. ಬಂದಿರೋ ಗಂಡೂ ಓಡೋಯ್ತದೆ.’

ಅಕ್ಕ ನಮ್ಮ ಮೇಲ್ವಿಚಾರಕಿ. ಅವರಿದ್ದದ್ದು ಅರಕಲಗೂಡಿನಲ್ಲಿ, ಮಗ ಸೊಸೆಯ ಜೊತೆ. ಚಿತ್ರ ಬರೆಯುವ ಹುಡುಗಿಯೊಬ್ಬಳು ಚನ್ನರಾಯಪಟ್ಟಣದಲ್ಲಿ. ಮೂವರೂ ಒಂದೇ ಜಿಲ್ಲೆಯವರಾಗಿಯೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಮೀಟಿಂಗಿನಲ್ಲಿ ಕ್ಯಾಮೆರಾ ಹಾಕಿದರೆ ದನಿ ಕಡಿದುಹೋಗುತ್ತಿತ್ತು, ಅದಕ್ಕೇ ಯಾರೂ ಹಾಕುತ್ತಿರಲಿಲ್ಲ. ಹಾಗಾಗಿ ಅಕ್ಕ ಎಂದರೆ ನಮಗೆ ಒಂದು ದನಿ.

ಆದರೆ ಎಂಥ ದನಿ! ಹಾಸನದ ಬಸ್ ನಿಲ್ದಾಣದಲ್ಲಿ ವರ್ಷಗಟ್ಟಲೆ ಮೈಕಿನ ಮುಂದೆ ಕೂತು ಬಸ್ಸು ಕೂಗಿದ ದನಿ ಅದು. ನಾನು ಚಿಕ್ಕವಳಿದ್ದಾಗ ಅಜ್ಜಿಯ ಸೆರಗು ಹಿಡಿದು ಅದೇ ದನಿಯ ಹಿಂದೆ ಓಡಿದ್ದೇನೋ ಏನೋ. ಅವರ ಹತ್ತಿರ ಎರಡು ಕನ್ನಡ ಇದ್ದವು. ಒಂದು ಮೈಕಿನದು, ಇಸ್ತ್ರಿ ಹಾಕಿದ್ದು. ಇನ್ನೊಂದು ಮನೆಯದು. ಕೆಲಸದ ಮಾತೆಲ್ಲ ಮೈಕಿನ ಕನ್ನಡದಲ್ಲೇ ನಡೆಯುತ್ತಿತ್ತು. ಮನೆಯ ಕನ್ನಡ ಹೊರಬಂತೆಂದರೆ ಅಕ್ಕನಿಗೆ ಸಿಟ್ಟು ಬಂದಿದೆ ಎಂದೋ ತುಂಬ ನಗು ಬಂದಿದೆ ಎಂದೋ ಅರ್ಥ.

ನಾನು ಬರೆದ ಒಂದೊಂದು ಸಾಲನ್ನೂ ಓದಿ, ದನಿ ರೆಕಾರ್ಡ್ ಮಾಡಿ ಅಕ್ಕನಿಗೆ ಕಳಿಸಬೇಕಿತ್ತು. ಕಣ್ಣಿಂದ ಓದಿ ಅವರು ಒಪ್ಪುತ್ತಿರಲಿಲ್ಲ. ‘ಎರಡು ಕೈಯಲ್ಲೂ ಬ್ಯಾಗು, ಸೊಂಟದಲ್ಲಿ ಮಗು, ಬಸ್ಸು ಹೊರಡ್ತಾ ಇದೆ. ಆಗ ಕಿವಿಗೆ ಬಿದ್ದರೂ ಅರ್ಥ ಆಗಬೇಕು. ಆಗಲ್ವಾ? ಹೊಡೆದು ಹಾಕು’ ಎನ್ನುತ್ತಿದ್ದರು. ನನ್ನ ಪತ್ರಿಕೋದ್ಯಮದ ಪದವಿಯೆಲ್ಲ ‘ಹೊಡೆದು ಹಾಕು’ ಎಂಬ ಆ ಮಾತಿಗೇ ಖರ್ಚಾಯಿತು. ‘ಸರೀಸೃಪಗಳ ಆವಾಸಸ್ಥಾನ’ ಎಂದು ಒಮ್ಮೆ ಬರೆದಿದ್ದಕ್ಕೆ ಮನೆಯ ಕನ್ನಡ ಬಂತು: ‘ನಿಮ್ಮಪ್ಪ ಅಂಗ್ಡೀಲಿ ಬ್ಯಾಳೆ ಮಾರೋವಾಗ ದ್ವಿದಳ ಧಾನ್ಯ ಅಂತಾರಾ?’

ಅಕ್ಕನಿಗೆ ಹಾವಿನ ಶಾಸ್ತ್ರ ಗೊತ್ತಿರಲಿಲ್ಲ, ಗೊತ್ತಿದೆ ಎಂದು ಅವರು ಹೇಳಿಕೊಂಡವರೂ ಅಲ್ಲ. ಬಂದ ಫೋಟೊವನ್ನು ಗುರುತು ಹಿಡಿಯುವವರ ಗ್ರೂಪಿಗೆ ಹಾಕಿ, ಅವರು ಹೇಳಿದ ಹೆಸರನ್ನೇ ಜನಕ್ಕೆ ತಲುಪಿಸುತ್ತಿದ್ದರು. ಶೆಟ್ಟಿಹಳ್ಳಿಯಲ್ಲಿ ಹಿನ್ನೀರಿಗೆ ಮುಳುಗುವ ಹಳೇ ಚರ್ಚು ನೋಡಲು ಹೋದವನೊಬ್ಬ ನೀರಂಚಿನ ಉಡವನ್ನು ಮೊಸಳೆ ಎಂದು ಕಳಿಸಿದಾಗ, ಗ್ರೂಪಿನಿಂದ ಉತ್ತರ ಬರುವ ತನಕ ಅಕ್ಕನೂ ಮೊಸಳೆಯೆಂದೇ ನಂಬಿ ಹೌಹಾರಿದ್ದರು. ಆದರೆ ಮನುಷ್ಯರ ವಿಚಾರ ಬೇರೆ. ಅಲ್ಲಿ ಅವರನ್ನು ಹಿಡಿಯುವವರಿರಲಿಲ್ಲ.

ಕಪ್ಪೆ ಮದುವೆಯ ಪ್ರಸಂಗ ಅದಕ್ಕೆ ಸಾಕ್ಷಿ. ಮಳೆ ತಡವಾಗಿ ಚನ್ನರಾಯಪಟ್ಟಣದ ಕಡೆಯ ಒಂದೂರಿನಲ್ಲಿ ಕಪ್ಪೆಗಳಿಗೆ ಮದುವೆ ಮಾಡಲು ಹೊರಟಿದ್ದರು. ಸುದ್ದಿ ತಂದವಳು ನಮ್ಮ ಚಿತ್ರದ ಹುಡುಗಿ. ಆಗಲೇ ಮೂಢನಂಬಿಕೆ, ಹಿಂಸೆ ಎಂದೆಲ್ಲ ಕೆಂಪಕ್ಷರದ ಪೋಸ್ಟರು ಬರೆದು ಕೂತಿದ್ದಳು. ಅಕ್ಕ ಅದನ್ನು ತಡೆದು, ಮದುವೆ ಮಾಡಿಸುವ ಹೆಂಗಸಿನ ನಂಬರು ಹಿಡಿದು ಫೋನು ಮಾಡಿದರು. ನಾವಿಬ್ಬರೂ ಅದೇ ಕರೆಯಲ್ಲಿ ಕಿವಿಗೊಟ್ಟು ಕೂತಿದ್ದೆವು. ಶುರುವಿನಲ್ಲೇ ಅಕ್ಕ, ‘ಗಂಡಿನ ಕಡೆಯೋರು ಯಾರವ್ವ?’ ಎಂದರು. ಆಮೇಲೆ ಅಡುಗೆ ಏನು, ವಾಲಗ ಇದೆಯಾ ಎಂದು ಎಲ್ಲ ವಿಚಾರಿಸಿ ಮೆಲ್ಲಗೆ ವಿಷಯಕ್ಕೆ ಬಂದರು. ‘ಅರಿಶಿನ ಕುಂಕುಮಾನ ಕಪ್ಪೆ ಮೈಗೆ ಅಚ್ಬೇಡಿ ಕಣವ್ವ. ಅದು ನೀರು ಕುಡಿಯೋದೇ ಚರ್ಮದಲ್ಲಿ. ಮದುವೆ ದಿನಾನೇ ಹೆಣ್ಣು ಸತ್ತೋದ್ರೆ ಊರಿಗೇನು ಒಳ್ಳೇದಾ? ಪಕ್ಕದಲ್ಲಿ ಒಂದು ಕಲ್ಲಿಟ್ಟು ಅದಕ್ಕೆ ಅಚ್ಚಿ. ತಾಳಿ ಕಟ್ಟಿ ಕತ್ತು ಬಿಗೀಬೇಡಿ. ಮುಗಿದ ಮೇಲೆ ಕೆರೆಗೆ ಬಿಟ್ಟು ಬನ್ನಿ, ತವರಿಗೆ ಕಳಿಸ್ದಂಗೆ.’ ಆ ಹೆಂಗಸು ಸ್ವಲ್ಪ ಯೋಚಿಸಿ, ‘ಅದೂ ನಿಜ ಕಣಕ್ಕ’ ಎಂದಳು. ಕಪ್ಪೆಗಳು ಕೆರೆ ಸೇರಿದ ವಿಡಿಯೋ ಸಂಜೆಗೇ ಬಂತು. ಮಳೆ ಬಂದದ್ದು ಯಾವಾಗ ಎಂದು ನನಗೆ ನೆನಪಿಲ್ಲ, ತಡವಾಗಿಯೇ ಬಂದಿರಬೇಕು.

ಇಷ್ಟೆಲ್ಲ ತಾಳ್ಮೆಯ ಅಕ್ಕ ಕಲ್ಲಾಗುತ್ತಿದ್ದದ್ದು ಒಂದೇ ಕಡೆ. ಸಹಾಯವಾಣಿಗೆ ಬರುವ ಫೋಟೊಗಳಲ್ಲಿ ಬಹುಪಾಲು ಸತ್ತ ಹಾವುಗಳದೇ. ತಲೆ ಜಜ್ಜಿ ಅಂಗಳದಲ್ಲಿ ಉದ್ದಕ್ಕೆ ಮಲಗಿಸಿ, ಪಕ್ಕದಲ್ಲಿ ಅಳತೆಗೆ ಚಪ್ಪಲಿ ಇಟ್ಟು, ‘ಯಾವ ಹಾವು?’ ಎಂದು ಕಳಿಸುತ್ತಾರೆ. ಅದಕ್ಕೆ ಅಕ್ಕ ಒಂದು ಉತ್ತರ ಮಾಡಿಟ್ಟಿದ್ದರು. ಹಾವಿನ ಹೆಸರು, ವಿಷ ಇದೆಯೋ ಇಲ್ಲವೋ, ಆಮೇಲೆ ಈ ಸಾಲು: ‘ಮುಂದಿನ ಸಲ ಹೊಡೆಯುವ ಮುಂಚೆ ಕಳಿಸಿ.’ ಸ್ವಲ್ಪ ಒರಟಾಯಿತಲ್ಲವೇ ಎಂದು ನಾನು ಕೇಳಿದ್ದುಂಟು. ‘ಆಗಲಿ. ಹೊಡೆದ ಕೈಗೆ ಬೆಣ್ಣೆ ಹಚ್ಚೋಕೆ ಕೂತಿದ್ದೀವಾ?’ ಎಂದಿದ್ದರು. ಸತ್ತ ಹಾವಿನ ಫೋಟೊ ನಮ್ಮ ಪುಟದಲ್ಲಿ ಯಾವತ್ತೂ ಬರಕೂಡದು ಎಂಬುದು ಅವರದೇ ಕಟ್ಟಪ್ಪಣೆ.

ಆ ದಿನ ಬೆಳಿಗ್ಗೆ ನಾನು ಮೆಟ್ಟಿಲ ಮೇಲೆ ಕಾಫಿ ಲೋಟ ಹಿಡಿದು ಕೂತಿದ್ದಾಗ ಅಕ್ಕನ ನಂಬರಿನಿಂದ ಒಂದು ಫೋಟೊ ಬಂತು. ಸಿಮೆಂಟು ನೆಲ, ಅದರ ಮೇಲೆ ಪಟ್ಟೆಯಿದ್ದ ಕಂದು ಬಣ್ಣದ ಸಣ್ಣ ಹಾವು, ತಲೆ ಗುರುತು ಸಿಗದಷ್ಟು ಜಜ್ಜಿಹೋಗಿತ್ತು. ಕೆಳಗೆ ‘ಇದು ಯಾವುದು?’ ಎಂದಿತ್ತು. ಯಾರೋ ಅವರಿಗೆ ಕಳಿಸಿದ್ದನ್ನು ನನಗೆ ದಾಟಿಸಿದ್ದಾರೆ ಎಂದುಕೊಂಡೆ. ಗ್ರೂಪಿಗೆ ಹಾಕಿದೆ. ತೋಳಹಾವು, ವಿಷ ಇಲ್ಲ, ಕಟ್ಟುಹಾವೆಂದು ಹೆದರಿ ಹೊಡೆದಿದ್ದಾರೆ ಎಂದು ಕೂಡಲೇ ಉತ್ತರ ಬಂತು. ಅದನ್ನು ಅಕ್ಕನಿಗೆ ಕಳಿಸಿ, ಕೊನೆಗೆ ಅಭ್ಯಾಸಬಲದಿಂದ ಆ ಸಿದ್ಧ ಸಾಲನ್ನೂ ಅಂಟಿಸಿದೆ. ಮರುಕ್ಷಣವೇ ಫೋನು ಬಂತು.

‘ತೋಳಹಾವೇನಾ? ಖಚಿತವಾ?’

‘ಹೌದಂತೆ ಅಕ್ಕ. ಯಾವೂರಿಂದ ಬಂತು ಇದು?’

ಈ ಸಲ ಮನೆಯ ಕನ್ನಡ ಬಂತು. ಅದರಲ್ಲಿ ಸಿಟ್ಟೂ ಇರಲಿಲ್ಲ, ನಗುವೂ ಇರಲಿಲ್ಲ.

‘ಯಾವೂರಿಂದ್ಲೂ ಬರ್ನಿಲ್ಲ ಕಣವ್ವ. ಒಡ್ದಿದ್ದು ನಾನೇಯ.’

ನನಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೂ ಅಕ್ಕ ಏನೋ ತಮಾಷೆ ಮಾಡುತ್ತಿದ್ದಾರೆ ಎಂದೇ ಕಾದೆ. ಅವರು ಹೇಳುತ್ತಾ ಹೋದರು. ಮೊಮ್ಮಗಳು ನೆಲದ ಚಾಪೆಯ ಮೇಲೆ ಮಲಗಿದ್ದಳು. ಅಕ್ಕ ಒಲೆಯ ಮುಂದೆ ಮುದ್ದೆ ತೊಳಸುತ್ತಿದ್ದವರು ಮಗು ಎದ್ದಿತೇನೋ ಎಂದು ಬಗ್ಗಿ ನೋಡಿದರು. ‘ಚಾಪೆ ಅಂಚ್ಗೇ ಅದೆ. ಮಗೀ ಕೈಯಿ ಇಲ್ಲಿ, ಅದು ಇಲ್ಲಿ. ನನ್ ಕೈಲಿ ಮುದ್ದೆ ಕೋಲಿತ್ತು. ಒಡ್ದೆ. ಸತ್ತ ಮ್ಯಾಲೂ ಒಡ್ದೆ. ಪಟ್ಟೆ ಎಲ್ಲಿಂದ ಸುರುವಾಯ್ತದೆ ಅಂತ ನೋಡ್ನಿಲ್ಲ ಕಣವ್ವ. ಕಣ್ಣೇ ಕಾಣ್ನಿಲ್ಲ.’

ಪಟ್ಟೆ ನೋಡಿ ಹಾವು ಗುರುತಿಸುವ ಪೋಸ್ಟರು ಮಾಡಿಸಿದ್ದು ಅಕ್ಕನೇ. ಕಟ್ಟುಹಾವಿಗೆ ಪಟ್ಟೆ ಬಾಲದ ಕಡೆ ಎದ್ದು ಕಾಣುತ್ತದೆ, ತೋಳಹಾವಿಗೆ ಕತ್ತಿನ ಕಡೆ. ಒಂದು ವಿಷದ್ದು, ಇನ್ನೊಂದು ಪಾಪದ್ದು. ನಮ್ಮಲ್ಲಿ ಎಲ್ಲಕ್ಕಿಂತ ಹೆಚ್ಚು ಓಡಾಡಿದ ಪೋಸ್ಟರು ಅದು. ಅಕ್ಕನ ದನಿಯಲ್ಲೇ ಅದು ಎಷ್ಟು ಮನೆಗಳ ಮೊಬೈಲಿನಲ್ಲಿದೆಯೋ ಲೆಕ್ಕವಿಲ್ಲ.

‘ಮಗು?’ ಎಂದೆ.

‘ಏಳ್ಲೇ ಇಲ್ಲ. ಮಲ್ಗೇ ಅದೆ.’

‘ಯಾರಿಗೂ ಹೇಳೋದು ಬೇಡ ಅಕ್ಕ.’

ಅಕ್ಕಪಕ್ಕದವರು ಬಂದು ಆಗಲೇ ಸಮಾಧಾನ ಹೇಳಿ ಹೋಗಿದ್ದರಂತೆ: ‘ನಾಗ್ರಾವೇನಲ್ವಲ್ಲ, ಬುಡಕ್ಕ. ದೋಸ ಇಲ್ಲ.’ ನಮ್ಮ ಕಡೆ ಲೆಕ್ಕ ಹಾಗೆ. ನಾಗರಹಾವು ಸತ್ತರೆ ಹಾಲು ತುಪ್ಪ ಬಿಟ್ಟು, ಬಾಯಿಗೆ ಕಾಸಿಟ್ಟು ಮನುಷ್ಯರಂತೆ ಸುಡುತ್ತಾರೆ. ಉಳಿದವನ್ನು ಕಡ್ಡಿಯಲ್ಲಿ ಎತ್ತಿ ಬೇಲಿಯಾಚೆ ಎಸೆಯುತ್ತಾರೆ. ಅಕ್ಕನಿಗೆ ಬಿಡುಗಡೆ ಸುಲಭವಾಗಿಯೇ ಸಿಕ್ಕಿತ್ತು. ಅವರು ತೆಗೆದುಕೊಳ್ಳಲಿಲ್ಲ.

ಅದೇ ಮಧ್ಯಾಹ್ನ ನಮ್ಮ ಪುಟದಲ್ಲಿ ಆ ಫೋಟೊ ಬಂತು. ಯಾರನ್ನೂ ಕೇಳದೆ ಅಕ್ಕನೇ ಹಾಕಿದ್ದರು. ಜೊತೆಗೆ ಅವರ ದನಿ, ಬಸ್ಸು ಕೂಗಿದಷ್ಟೇ ಸ್ಪಷ್ಟವಾಗಿ: ‘ದಯವಿಟ್ಟು ಗಮನಿಸಿ. ಈ ಹಾವನ್ನು ಹೊಡೆದದ್ದು ನಾನು. ಈ ಪುಟವನ್ನು ನಡೆಸುವವಳೂ ನಾನೇ. ಹಾವು ವಿಷದ್ದಲ್ಲ. ಪಕ್ಕದಲ್ಲಿ ಮಗು ಮಲಗಿತ್ತು. ನಿಮಗೆ ಇಷ್ಟು ದಿನ ಹೇಳಿದ್ದು ಯಾವುದನ್ನೂ ನಾನು ಮಾಡಲಿಲ್ಲ. ಹೆದರಿದೆ, ಹೊಡೆದೆ.’

ಆಮೇಲಿನದನ್ನು ನೋಡಿ ನಾನು ಆ ರಾತ್ರಿ ಊಟ ಮಾಡಲಿಲ್ಲ. ‘ಓದೋದು ಶಾಸ್ತ್ರ, ಇಕ್ಕೋದು ಗಾಳ’ ಎಂದು ಯಾರೋ ಬರೆದರು, ಅದಕ್ಕೆ ನೂರಾರು ಜನ ನಕ್ಕರು. ಕೇಸು ಹಾಕಿ ಎಂದರು. ಮುದುಕಿಗೆ ಪ್ರಚಾರದ ಹುಚ್ಚು ಎಂದರು. ಪೋಸ್ಟರಿಗೆ ಪಟ್ಟೆ ಬರೆದಿದ್ದ ಚನ್ನರಾಯಪಟ್ಟಣದ ಹುಡುಗಿ ಅತ್ತುಕೊಂಡು ಗ್ರೂಪು ಬಿಟ್ಟಳು. ನನಗೆ ಅಕ್ಕನ ಮೇಲೆ ಕೆಂಡದಂಥ ಸಿಟ್ಟು. ಮುಚ್ಚಿಟ್ಟಿದ್ದರೆ ಯಾರ ಗಂಟು ಹೋಗುತ್ತಿತ್ತು?

ಆದರೆ ಮಾರನೆಯ ದಿನದಿಂದ ಬೇರೆ ಥರದ ಕರೆಗಳು ಶುರುವಾದವು. ಗೊರೂರಿನ ಕ್ವಾರ್ಟರ್ಸಿನಿಂದ ಒಬ್ಬ ಹೆಂಗಸು ಮಾಡಿದ್ದಳು. ಆ ಕರೆಯಲ್ಲಿ ನಾನೂ ಇದ್ದೆ.

‘ಆವು ಒಡ್ದ್ರಲ್ಲ, ಆ ಯಮ್ಮನೇನಾ ನೀವು?’

‘ಹೌದು, ನಾನೇ.’

‘ನಮ್ ಬಚ್ಲಲ್ಲಿ ಒಂದೈತೆ. ನಮ್ಮೆಜಮಾನ್ರು ದೊಣ್ಣೆ ಇಡ್ಕಂಡು ನಿಂತವ್ರೆ. ನಿಮ್ಮಾತು ಕೇಳ್ಬೇಕಂತೆ.’

ಅಕ್ಕ ಆತನಿಗೆ ಹಾವಿನ ಬಗ್ಗೆ ಒಂದಕ್ಷರ ಹೇಳಲಿಲ್ಲ. ‘ಒಡುದ್ರೆ ಎದೆ ಅಗುರಾಯ್ತದೆ ಅನ್ಕಂಡಿದ್ದೆ ಸಾ. ಆಗ್ನಿಲ್ಲ. ಬಾಗ್ಲು ಎಳ್ಕಂಡು ಸಂದೀಗೆ ಬಟ್ಟೆ ತುರ್ಕಿ. ಇಡಿಯೋರ್ನ ಕಳುಸ್ತೀನಿ, ಅಲ್ಲೀಗಂಟ ನಾನು ಫೋನಲ್ಲೇ ಇರ್ತೀನಿ’ ಎಂದರು. ಆತ ದೊಣ್ಣೆ ಕೆಳಗಿಟ್ಟ ಸದ್ದು ನನಗೂ ಕೇಳಿಸಿತು. ಅಂಥ ಕರೆಗಳು ಆಮೇಲೂ ಬರುತ್ತಲೇ ಇದ್ದವು. ಎಲ್ಲರೂ ಕೇಳುತ್ತಿದ್ದದ್ದು ಅದನ್ನೇ, ಹೊಡೆದ ಯಮ್ಮ ಇದ್ದಾರಾ ಎಂದು. ಇಷ್ಟು ದಿನ ಎಲ್ಲ ಮುಗಿದ ಮೇಲೆ ಫೋಟೊ ಕಳಿಸುತ್ತಿದ್ದ ಜನ ದೊಣ್ಣೆ ಎತ್ತಿದ ಹೊತ್ತಿನಲ್ಲೇ ಫೋನು ಮಾಡತೊಡಗಿದ್ದರು.

ನಮ್ಮ ಮುಖ್ಯಸ್ಥರು ಕಪ್ಪೆಗಳ ಮೇಲೆ ಸಂಶೋಧನೆ ಮಾಡಿದ ಡಾಕ್ಟರು, ಸಂಭಾವಿತರು. ಹಣ ಕೊಡುವವರು ಅವರನ್ನು ಕುಟುಕುತ್ತಿದ್ದರು. ಆದರೂ ಅಕ್ಕನನ್ನು ಕಳೆದುಕೊಳ್ಳಲು ಅವರಿಗೂ ಮನಸ್ಸಿರಲಿಲ್ಲ. ‘ಒಂದು ವಿಡಿಯೋ ಮಾಡಿಸಮ್ಮ. ತಪ್ಪಾಯಿತು, ಇನ್ನು ಮುಂದೆ ಯಾವ ಹಾವನ್ನೂ ಹೊಡೆಯುವುದಿಲ್ಲ ಎಂದು ಅವರು ಹೇಳಿದರೆ ಸಾಕು. ಉಳಿದದ್ದು ನಾನು ನೋಡಿಕೊಳ್ಳುತ್ತೇನೆ’ ಎಂದು ನನ್ನನ್ನು ಅರಕಲಗೂಡಿಗೆ ಕಳಿಸಿದರು. ಒಂದೇ ಒಂದು ಸಾಲು, ಅಷ್ಟೇ ತಾನೇ ಎಂದು ಬಸ್ಸಿನಲ್ಲಿ ಹಗುರಾಗಿಯೇ ಕೂತಿದ್ದೆ.

ಆ ದನಿಗೆ ನಾನು ದೊಡ್ಡ ಆಳನ್ನು ಕಲ್ಪಿಸಿಕೊಂಡಿದ್ದೆ. ಬಾಗಿಲು ತೆಗೆದದ್ದು ನನ್ನ ಭುಜಕ್ಕೆ ಬರುವ ಹೆಂಗಸು, ದಪ್ಪ ಕನ್ನಡಕ, ಸೊಂಟದಲ್ಲಿ ಮೂಗು ಸೋರುವ ಮೊಮ್ಮಗಳು. ‘ಇಷ್ಟುದ್ದ ಇದ್ದೀಯಾ!’ ಎಂದು ನನ್ನನ್ನೇ ಕೆಳಗಿನಿಂದ ಮೇಲೆ ನೋಡಿದರು. ಸೊಸೆ ಕಾಫಿ ಕೊಟ್ಟಳು. ಈ ಮನೆಯಲ್ಲಿ ಅತ್ತೆಯ ಸಂಬಳವೂ ಬೇಕಾಗಿದೆ ಎಂಬುದು ನೋಡಿದರೇ ತಿಳಿಯುತ್ತಿತ್ತು. ‘ಏಳ್ಬುಡಿ ಅತ್ತೆ, ಒಂದ್ ಮಾತು’ ಎಂದು ಅವಳೂ ಅಂದಳು.

ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ನಿಲ್ಲಿಸಿದೆ. ಅಕ್ಕ ಕೂದಲು ಒತ್ತಿಕೊಂಡು ಮೈಕಿನ ಕನ್ನಡದಲ್ಲಿ ಶುರುಮಾಡಿದರು. ನಮಸ್ಕಾರ ಬಂತು, ನಡೆದದ್ದು ಬಂತು, ತಪ್ಪಾಯಿತು ಎಂಬುದೂ ನಿಜವಾದ ದುಃಖದಲ್ಲೇ ಬಂತು. ‘ಇನ್ನು ಮುಂದೆ...’ ಎಂದವರು ನಿಂತರು. ಮತ್ತೆ ಮಾಡೋಣ ಎಂದರು. ಮತ್ತೆಯೂ ಅಲ್ಲೇ ನಿಂತರು. ಮೂಗಿನ ಮೇಲೆ ಬೆವರು. ಜೀವಮಾನವೆಲ್ಲ ಮಾತಾಡಿದವರಿಗೆ ಮಾತು ಸಿಕ್ಕಿಹಾಕಿಕೊಂಡಿತ್ತು.

‘ಸುಮ್ಮನೆ ಹೇಳಿಬಿಡಿ ಅಕ್ಕ. ನಿಮ್ಮ ಮನೆಗೆ ಬಂದು ಯಾರು ಕಾಯ್ತಾರೆ?’ ಎಂದೆ. ಅವರು ಉಳಿಯಬೇಕಿತ್ತು ನನಗೆ.

‘ಬಸ್ಸು ಕೆಟ್ಟು ನಿಂತೈತೆ ಅಂತ ಗೊತ್ತಿದ್ದೂ ಬತ್ತದೆ ಅಂತ ಕೂಗಕಾಯ್ತದಾ?’ ಎಂದರು ಅಕ್ಕ. ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡರು. ‘ನಾಳಿಕ್ಕೂ ಇವ್ಳ ಪಕ್ಕ ಅಂಗೇ ಕಂಡ್ರೆ, ಪಟ್ಟೆ ನೋಡ್ಕಂಡು ನಿಂತ್ಕತೀನಾ? ನಿಂತ್ಕಬೇಕು ಅಂತ್ಲೇ ಐತೆ ಮನ್ಸು. ಆದ್ರೆ ಒಡುದ್ಬುಡ್ತೀನಿ ಕಣವ್ವ. ನಂಗ್ ಗೊತ್ತು. ಒಡುದ್ಬುಡ್ತೀನಿ.’

ಅವರು ಹೊಡೆದದ್ದು ಕೇಳಿದಾಗಲೂ ನನಗೆ ಇಷ್ಟು ಆಘಾತವಾಗಿರಲಿಲ್ಲ. ಸೊಸೆ ಲೋಟ ತೆಗೆದುಕೊಂಡು ಒಳಗೆ ಹೋದಳು. ಫೋನು ಇನ್ನೂ ಚಿತ್ರ ತೆಗೆಯುತ್ತಲೇ ಇತ್ತು, ನಿಲ್ಲಿಸಬೇಕೆಂದು ನನಗೆ ಹೊಳೆಯಲಿಲ್ಲ. ಅಕ್ಕನೇ ಕೈ ಚಾಚಿ ನಿಲ್ಲಿಸಿದರು.

ಡಾಕ್ಟರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕರೆ ಮಾಡುತ್ತಿರುವವರ ವಿಚಾರವನ್ನೂ ಹೇಳಿದೆ, ಎರಡು ಸಲ ಹೇಳಿದೆ. ‘ಹೊಡೆಯುತ್ತೇನೆ ಎನ್ನುವವರನ್ನು ಹಾವು ಉಳಿಸುವ ಸಂಸ್ಥೆಯಲ್ಲಿ ಹೇಗಮ್ಮ ಇಟ್ಟುಕೊಳ್ಳಲಿ?’ ಎಂದು ಅವರು ಅಕ್ಕನನ್ನು ಕೆಲಸದಿಂದ ಬಿಡಿಸಿದರು. ಸಹಾಯವಾಣಿಯ ಕರೆಗಳನ್ನು ನನ್ನ ಒಬ್ಬಳ ಫೋನಿಗೆ ತಿರುಗಿಸಿದರು. ಪುಟಕ್ಕೆ ನನ್ನ ಫೋಟೊ ಕೇಳಿದರು, ಕೊಟ್ಟೆ.

ನಿನ್ನೆ ಮಧ್ಯಾಹ್ನ ಹಳ್ಳಿಮೈಸೂರಿನಿಂದ ಒಂದು ಕರೆ ಬಂತು. ಹೆಂಗಸಿನ ದನಿ, ಏದುಸಿರು, ಹಿಂದೆ ಮಗು ಅಳುವ ಸದ್ದು.

‘ಆವು ಒಡ್ದ್ರಲ್ಲ, ಆ ಯಮ್ಮಂಗೆ ಕೊಡಿ ಬೇಗ. ನಮ್ ತೊಟ್ಲು ಕೆಳ್ಗೆ ಒಂದ್ ಬಂದೈತೆ.’

‘ಅವರು ಈಗ ನಮ್ಮಲ್ಲಿಲ್ಲ. ನಾನು ಹೇಳ್ತೀನಿ. ಮೊದಲು ಮಗು ಎತ್ಕೊಂಡು ದೂರ ಬನ್ನಿ...’

‘ಮಗ ನನ್ ಕೈಲೇ ಅದೆ. ನೀವ್ ಯಾವತ್ತಾರ ಒಡ್ದಿದೀರಾ?’

‘ಇಲ್ಲ.’

‘ಅಂಗಾರೆ ನಿಮ್ಗೆ ಗೊತ್ತಾಗಾಕಿಲ್ಲ, ಬುಡಿ’ ಎಂದಳು.

ತಡೀರಿ, ಅವರ ಮನೆ ನಂಬರೇ ಕೊಡ್ತೀನಿ ಎನ್ನುವಷ್ಟರಲ್ಲಿ ಫೋನು ಇಟ್ಟಿದ್ದಳು. ನಾನು ತಿರುಗಿ ಮಾಡಿದೆ. ಮಾಡುತ್ತಲೇ ಇದ್ದೆ. ರಿಂಗಾಗುತ್ತಿತ್ತು, ಯಾರೂ ಎತ್ತಲಿಲ್ಲ.